ಹಲಸಿನ ಮೇಜಿನ ಮೊದಲ ಪಂಕ್ತಿ

“ಬೇವರ್ಸಿಗಳೇ, ಎದುರು ಬಾಗಿಲಲ್ಲಿ ಎಂತ ನಿಂತದ್ದು? ಹಿಂದಿನಿಂದ ಬನ್ನಿ.”

ಹೇಳಿದ್ದು ಲ್ಯಾನ್ಸಿ, ಹೋಟೆಲಿನ ಮೇಸ್ತ್ರಿ. ಆ ಬಾಗಿಲಿಗೆ ಹಲಗೆ ಕೊಯ್ದು ಕೊಟ್ಟದ್ದು ನಾವೇ, ಮೂಸಬ್ಬ ಮತ್ತು ನಾನು. ಮೊಣಕಾಲಿನಿಂದ ಎದೆಯವರೆಗೆ ಮಾತ್ರ ಇರುವ, ತಳ್ಳಿದರೆ ಹಿಂದಕ್ಕೂ ಮುಂದಕ್ಕೂ ಆಡುವ ಎರಡು ರೆಕ್ಕೆ. ಮೂಸಬ್ಬ ಅಂಥದ್ದನ್ನು ಎಲ್ಲೂ ಕಂಡಿರಲಿಲ್ಲ. “ಕದ ಹಾಕಿದ ಮೇಲೂ ನಾಯಿ ಬರ್ತದಲ್ಲ ಪೊರ್ಬುಗಳೇ” ಎಂದು ಧಣಿ ಯೂಸ್ಟೇಸರನ್ನು ಕೇಳಿದ್ದ. ಕ್ರಿಸ್ತಾನ ಧಣಿಗಳನ್ನು ನಾವು ಕರೆಯುವುದು ಹಾಗೆ.

“ಬರ್ಲಿ ಮಾರಾಯ. ಅಮೇರಿಕದಲ್ಲಿ ಕುದುರೆಯೇ ಬರ್ತದೆ” ಎಂದು ಅವರು ನಕ್ಕಿದ್ದರು.

ಯೂಸ್ಟೇಸ್ ಬೊಂಬಾಯಿಯಲ್ಲಿ ಹಡಗು ಕಂಪೆನಿಯಲ್ಲಿದ್ದು ಬಂದವರು. ಇಂಗ್ಲಿಷ್ ಪಿಕ್ಚರುಗಳಲ್ಲಿ ಕಂಡ ಕೌಬಾಯ್‌ಗಳ ಊಟದ ಮನೆಯನ್ನು ನಮ್ಮೂರಿನ ಕೊಟ್ಟಾರದಲ್ಲಿ ಕಟ್ಟಿಸಿದ್ದರು. ಗೋಡೆಗೆ ಗಾಡಿಯ ಚಕ್ರ, ಕೋಣದ ಕೊಂಬು, ಸುರುಳಿ ಸುತ್ತಿದ ಹಗ್ಗ. ಪಾನನಿರೋಧದ ಕಾಲ, ವಿಸ್ಕಿ ಬಾಟಲಿಗಳಲ್ಲಿ ಕಪ್ಪು ಚಹಾ ತುಂಬಿಸಿ ಸಾಲಾಗಿ ಇಟ್ಟಿದ್ದರು.

ನಾವು ಮರ ಕೊಯ್ಯುವವರು. ಮೂಸಬ್ಬ ದಿಮ್ಮಿಯ ಮೇಲೆ, ನಾನು ಕೆಳಗೆ, ನಡುವೆ ಒಂದು ಗರಗಸ. ಬಂದರಿನಲ್ಲಿ ಮಿಲ್ಲು ಬಂದ ಮೇಲೆ ನಮ್ಮನ್ನು ಕರೆಯುವವರು ಕಡಿಮೆಯಾಗಿದ್ದರು. ಯೂಸ್ಟೇಸರಿಗೆ ಮಿಲ್ಲಿನ ನಯವಾದ ಹಲಗೆ ಬೇಡ, ಕೈಗರಗಸದ ಗೀರು ಕಾಣಬೇಕು. ಹಾಗಾಗಿ ಮೂರು ತಿಂಗಳು ಕೆಲಸ ಸಿಕ್ಕಿತು.

ನಮ್ಮ ಕಡೆ ಹೊಸ ಕಟ್ಟಡದಲ್ಲಿ ಊಟದ ಮೊದಲ ಪಂಕ್ತಿ ಕಲ್ಲು ಕಟ್ಟಿದವರದ್ದು, ಮರ ಕೊಯ್ದವರದ್ದು. ಯಜಮಾನನೇ ಬಡಿಸಬೇಕು. ನೆಂಟರು ಆಮೇಲೆ. ಉದ್ದದ ಹಲಸಿನ ಮೇಜಿನ ಹಲಗೆಗಳು ಮುಗಿದ ದಿನ ಯೂಸ್ಟೇಸ್ ಮೂಸಬ್ಬನ ಹೆಗಲಿಗೆ ಕೈಯಿಟ್ಟು ಹೇಳಿದ್ದರು: “ಇದರಲ್ಲಿ ಮೊದಲ ಪಂಕ್ತಿ ನಿಮ್ಮದೇ. ಮಾಂಸ ನಿಮ್ಮವರೇ ಕೊಯ್ದದ್ದು ತರಿಸ್ತೇನೆ.”

ಮೂಸಬ್ಬ ಅದನ್ನು ಇಡೀ ಬಂದರಿಗೆ ಹೇಳಿದ. ಹೋಟೆಲು ತೆರೆಯುವ ಭಾನುವಾರ ಬೆಳಿಗ್ಗೆ ಮನೆಯಲ್ಲಿ ಏನೂ ತಿನ್ನಲಿಲ್ಲವಂತೆ. ಹೆಂಡತಿ ಹಬೀಬಾ ಬಿಳಿ ಟೊಪ್ಪಿಯನ್ನು ನೀಲಿ ಹಾಕಿ ಒಗೆದು ಕೊಟ್ಟಿದ್ದಳು.

ಲ್ಯಾನ್ಸಿ ಹೇಳಿದ ಹಾಗೆ ಹಿಂದಿನಿಂದ, ಅಡಿಗೆಮನೆ ಹಾದು ಒಳಗೆ ಬಂದೆವು. ಇಗರ್ಜಿಯಲ್ಲಿ ಪೂಜೆ ಮುಗಿಸಿ ನೇರ ಬಂದ ದೊಡ್ಡ ಮನೆತನದವರು, ಆಫೀಸರರು, ಅವರ ಹೆಂಡಂದಿರು. ಹಲಸಿನ ಮೇಜು ತುಂಬಿಹೋಗಿತ್ತು. ತಟ್ಟೆಗಳಲ್ಲಿ ಆಗಲೇ ಎಲುಬು ಬಿದ್ದಿದ್ದವು.

ಯೂಸ್ಟೇಸ್ ಅಗಲ ಅಂಚಿನ ಹ್ಯಾಟು ಹಾಕಿ ಬಂದರು. “ಬಂದ್ರಾ? ಒಳ್ಳೆದಾಯ್ತು. ಅಲ್ಲಿ ಹತ್ತಿ.”

ಮೇಜಿನ ತಲೆಯ ಹತ್ತಿರವೇ ಎತ್ತರದ ಅಟ್ಟಣೆ. ಅದರ ಮೇಲೊಂದು ದಿಮ್ಮಿ. ನಾವು ಶೆಡ್ಡಿನಲ್ಲಿ ಬಿಟ್ಟುಹೋದ ಗರಗಸ ಅದಕ್ಕೆ ಒರಗಿತ್ತು.

“ಊಟಕ್ಕೆ ಅಲ್ವಾ ಕರೆದದ್ದು?” ಎಂದ ಮೂಸಬ್ಬ.

“ಊಟ ಎಲ್ಲಿಗೆ ಹೋಗ್ತದೆ? ಗೆಸ್ಟ್‌ಗಳು ಹೋಗ್ಲಿ, ಅಡಿಗೆಮನೆಯಲ್ಲಿ ಕೊಡಿಸ್ತೇನೆ. ಈಗ ಸ್ವಲ್ಪ ಕೊಯ್ಯಿರಿ. ಜನಕ್ಕೆ ಖುಷಿ.”

ಲ್ಯಾನ್ಸಿ ಮೂಸಬ್ಬನ ಟೊಪ್ಪಿ ತೆಗೆದು ಕಿಸೆಗೆ ತುರುಕಿಕೊಂಡ. ತಲೆಗೆ ಹ್ಯಾಟು ಇಟ್ಟ, ಕುತ್ತಿಗೆಗೆ ಕೆಂಪು ಕರ್ಚೀಫು ಕಟ್ಟಿದ. ನಾನು ಅಟ್ಟಣೆಯ ಕೆಳಗೆ ಹೋಗಿ ಗರಗಸದ ಕೆಳಗಿನ ಹಿಡಿ ಹಿಡಿದೆ. ಮೂಸಬ್ಬ ಹತ್ತಿದ.

ನಾಲ್ಕು ಎಳೆತ ಎಳೆದಿರಬೇಕು. ಒಬ್ಬ ಹೆಂಗಸು ಸೂಪಿನ ಬಟ್ಟಲಿಗೆ ಕೈ ಅಡ್ಡ ಹಿಡಿದಳು. ಯೂಸ್ಟೇಸ್ ಓಡಿ ಬಂದರು.

“ಮರಕ್ಕೆ ತಾಗಿಸ್ಬೇಡಿ ಮಾರಾಯ. ಹುಡಿ ಬೀಳ್ತದೆ. ಗಾಳಿಯಲ್ಲಿ ಎಳೀರಿ.”

ಖಾಲಿ ಗರಗಸ ಎಳೆದರೆ ಎಳೆದವನ ಆಯುಸ್ಸು ಕೊಯ್ಯುತ್ತದೆ ಎನ್ನುತ್ತಾರೆ ನಮ್ಮಲ್ಲಿ. ಕೆಲಸ ಕಲಿಯುವ ಮಕ್ಕಳಿಗೂ ಅದಕ್ಕೆ ಪೆಟ್ಟು ಬೀಳುತ್ತದೆ.

“ಅದು ಆಗ್ಲಿಕ್ಕಿಲ್ಲ ಪೊರ್ಬುಗಳೇ” ಎಂದ ಮೂಸಬ್ಬ ಮೇಲಿನಿಂದ.

“ಆಗ್ಲಿಕ್ಕಿಲ್ವಾ? ಬಂದರಿನ ಮಿಲ್ಲು ನನ್ನ ಭಾವನದ್ದು, ಗೊತ್ತುಂಟಲ್ಲ? ಇನ್ನು ಈ ಊರಲ್ಲಿ ನಿನಗೆ ಒಂದು ಕೊಂಬೆ ಸಿಗ್ಲಿಕ್ಕಿಲ್ಲ.” ನಗುತ್ತಲೇ ಹೇಳಿದರು, ಗೆಸ್ಟ್‌ಗಳು ನೋಡುತ್ತಿದ್ದರು.

ಮೂಸಬ್ಬ ಗರಗಸವನ್ನು ಸೀಳಿನಿಂದ ಹೊರಗೆಳೆದು ದಿಮ್ಮಿಯ ಪಕ್ಕದಲ್ಲಿ ಎತ್ತಿದ, ಇಳಿಸಿದ. ಕೈ ಹಿಡಿಯಲ್ಲಿದ್ದದ್ದಕ್ಕೆ ನಾನೂ ಎತ್ತಿದೆ, ಇಳಿಸಿದೆ. ಯಾರೋ ಚಪ್ಪಾಳೆ ತಟ್ಟಿದರು. ಕೆಳಗೆ ನಿಂತವನಿಗೆ ಮೇಲಿನವನ ಪಾದ ಮಾತ್ರ ಕಾಣುವುದು. ಹನ್ನೊಂದು ವರ್ಷ ಆ ಪಾದಗಳನ್ನು ನೋಡಿದ್ದೇನೆ. ಅವು ಗೆರೆ ಬಿಟ್ಟು ಪಕ್ಕಕ್ಕೆ ಸರಿದದ್ದನ್ನು ಅವತ್ತು ನೋಡಿದೆ.

ಮರ ಕೊಯ್ಯುವುದು ಕೆಳಗಿನವನ ಎಳೆತ. ಮೇಲಿನವನು ಎತ್ತಿಕೊಡುತ್ತಾನೆ, ಗೆರೆ ನೋಡುತ್ತಾನೆ. ನಾನು ಗರಗಸವನ್ನು ವಾಲಿಸಿ ಸೀಳಿಗೆ ಕೂರಿಸಿದೆ.

“ಹಾಶಿಂ” ಎಂದು ನನ್ನನ್ನು ಕರೆದ ಮೂಸಬ್ಬ.

ಎಳೆದೆ.

ಅವನು ಎತ್ತದಿದ್ದರೆ ಅಲ್ಲಿಗೇ ಮುಗಿಯಿತು. ಗರಗಸ ಸೀಳಿನಲ್ಲಿ ನಿಂತಿತ್ತು. ನಾನು ತಲೆಯೆತ್ತಿ ನೋಡಲಿಲ್ಲ. ಆಮೇಲೆ ಹಿಡಿ ನನ್ನ ಕೈಯಲ್ಲಿ ಮೇಲಕ್ಕೆ ಹೋಯಿತು.

ಎಳೆದೆ. ಎತ್ತಿದ. ಹಳದಿ ಹುಡಿ ಸೂಪಿಗೆ ಬಿತ್ತು, ಮಾಂಸಕ್ಕೆ ಬಿತ್ತು, ಎಣ್ಣೆ ಹಚ್ಚಿ ಬಾಚಿದ ತಲೆಗಳಿಗೆ ಬಿತ್ತು. ಕುರ್ಚಿಗಳು ಹಿಂದಕ್ಕೆ ಸರಿದವು. ಮೇಜು ಖಾಲಿಯಾಗುವವರೆಗೆ ನಾವು ನಿಲ್ಲಿಸಲಿಲ್ಲ.

“ಇಳಿಯಾ ಬೋಳಿಮಗನೇ” ಎಂದು ಲ್ಯಾನ್ಸಿ ಮೂಸಬ್ಬನ ಲುಂಗಿ ಜಗ್ಗಿದ.

ಮೂಸಬ್ಬ ತಾನಾಗಿಯೇ ಇಳಿದ. ಹ್ಯಾಟನ್ನು ದಿಮ್ಮಿಯ ಮೇಲೆ ಇಟ್ಟ. ಬರಿದಲೆಯಲ್ಲಿ ನಡೆದು ಹಲಸಿನ ಮೇಜಿನ ತಲೆಯಲ್ಲಿ ಕೂತ. ಪಕ್ಕದಲ್ಲಿ ನಾನು. ಯಾರೂ ಮುಟ್ಟದ ಎರಡು ತಟ್ಟೆ ಹುಡುಕಿ, ಅಂಗಿಯ ತುದಿಯಿಂದ ಒರಸಿ, ಒಂದನ್ನು ನನ್ನ ಮುಂದೆ ಇಟ್ಟ.

“ಯಾರೂ ಬಡಿಸ್ಬೇಡಿ” ಎಂದರು ಯೂಸ್ಟೇಸ್. “ಲ್ಯಾನ್ಸಿ, ಪೊಲೀಸರನ್ನು ಕರಿ.”

ಲ್ಯಾನ್ಸಿ ಹೋದ. ರೊಟ್ಟಿಯ ಬುಟ್ಟಿ ಹಿಡಿದ ಬಟ್ಲರ್ ಎಲ್ಲಿದ್ದನೋ ಅಲ್ಲೇ ನಿಂತ.

“ಅವರು ಯಾಕೆ ಬಡಿಸ್ಬೇಕು?” ಎಂದ ಮೂಸಬ್ಬ, ತಟ್ಟೆಯನ್ನೇ ನೋಡುತ್ತ. “ಬಡಿಸುವುದು ನೀವಲ್ವಾ. ನಾವು ಕೂತಿದ್ದೇವೆ.”