ನಲವತ್ತೊಂದನೇ ಹಕ್ಕಿಯ ರಕ್ತ

ನಾನು ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದವನು. ಹಾಗಾಗಿ ಲ್ಯಾಬಿನಲ್ಲಿ ಯಾರದೇ ಎಡವಟ್ಟಾದರೂ ಮೊದಲು ಸಿಗುವುದು ನನ್ನ ಕುತ್ತಿಗೆ.

ಶೆಡ್ಡಿನ ಹಕ್ಕಿಗಳ ರೆಕ್ಕೆಯಡಿಯಿಂದ ರಕ್ತ ತೆಗೆದು, ಕಾಲಿನ ಬಳೆಯ ನಂಬರನ್ನು ಕೊಳವೆಗೆ ಅಂಟಿಸಿ, ಗೋಡೆಯ ಕಿಂಡಿಯಿಂದ ಆಚೆ ಲ್ಯಾಬಿನಲ್ಲಿ ಸಂಶೋಧನೆ ಮಾಡುವ ಮೇಡಮ್‌ಗೆ ದಾಟಿಸುವುದು ನನ್ನ ಕೆಲಸ. ರೋಗ ಹರಡೀತೆಂದು ಅವರು ಈಚೆ ಬರುವಂತಿಲ್ಲ, ಹಕ್ಕಿ ಆಚೆ ಹೋಗುವಂತಿಲ್ಲ. ಎರಡು ವರ್ಷದಿಂದ ಬಾತುಗಳ ಬಗ್ಗೆ ಬರೆಯುತ್ತಿರುವ ಅವರು ಒಂದು ಪುಕ್ಕವನ್ನೂ ಕಂಡವರಲ್ಲ.

ಹಕ್ಕಿಜ್ವರದ ವೈರಸ್ಸು ಮೈಯೊಳಗೆ ಹೊಕ್ಕ ಕೂಡಲೇ ಅಲ್ಲಿನ ಕಾವಲನ್ನು ಕೂಗಿ ಎಬ್ಬಿಸುವ ಜೀನ್ ಒಂದು ಬಾತುಗಳಲ್ಲಿದೆಯಂತೆ. ಅವು ಅಷ್ಟು ಸುಲಭಕ್ಕೆ ಸಾಯದಿರಲು ಅದೂ ಒಂದು ಕಾರಣವಂತೆ. ಮೇಡಮ್ ಹುಡುಕಿದಾಗ ಅದು ಎಲ್ಲದರಲ್ಲೂ ಸಿಕ್ಕಿತು, ನಲವತ್ತೊಂದರಲ್ಲಿ ಮಾತ್ರ ಇಲ್ಲ. ಮತ್ತೆ ರಕ್ತ ಕೇಳಿದರು, ಕೊಟ್ಟೆ. ಮತ್ತೂ ಇಲ್ಲ. ಮೂರನೇ ಸಲ ಕಿಂಡಿಯಿಂದ ಚೀಟಿ ಬಂತು: ಹುಡುಗ ಕೊಳವೆ ಅದಲುಬದಲು ಮಾಡುತ್ತಿದ್ದಾನೆ, ನಾಳೆಯಿಂದ ಓದಿದವರನ್ನು ಹಾಕಿ.

ಚೀಟಿ ಓದಿದ್ದು ಶೆಡ್ಡಿನ ಉಸ್ತುವಾರಿಯಾದ ನನ್ನ ಚಿಕ್ಕಪ್ಪ.

"ತಪ್ಪಾಯ್ತು ಅಂದ್ಬಿಡೋ. ನಾಲಿಗೆ ಏನ್ ಸವೆದೋಗುತ್ತಾ?"

"ಮಾಡದೇ ಇರೋದಕ್ಕೆ ಯಾಕನ್ಲಿ ಚಿಕ್ಕಪ್ಪ?"

"ಕೆಲ್ಸ ಉಳಿಯುತ್ತಲ್ಲೋ, ಅದಕ್ಕೆ."

ಮೈಯೆಲ್ಲ ಉರಿದುಹೋಯಿತು. ನಲವತ್ತೊಂದನ್ನು ಕಂಕುಳಲ್ಲಿ ಇರುಕಿಕೊಂಡು ಹೋಗಿ ಕಿಂಡಿಯ ಮುಚ್ಚಳ ತೆಗೆದೆ. ನಿಮ್ಮ ಕಣ್ಣೆದುರೇ ರಕ್ತ ತೆಗೆಯುತ್ತೇನೆ, ನೋಡಿಕೊಳ್ಳಿ ಎಂದೆ.

ಮೇಡಮ್ ಬಗ್ಗಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಇದು ನಾಟಿ ಕೋಳಿ ಅಲ್ವೇನಪ್ಪ?"

"ಹೌದು ಮೇಡಮ್. ಕಾವಿಗೆ ಕೂರಿಸೋಕೆ ಇಟ್ಕೊಂಡಿದೀವಿ. ನಿಮ್ಮ ಬಾತುಗಳು ಮೊಟ್ಟೆ ಇಟ್ಟು ಈಜೋಕೆ ಹೋಗ್ತವೆ."

"ಕೋಳಿಗೆ ಯಾಕೆ ಬಳೆ ತೊಡಿಸ್ದೆ?"

ಬಾಗಿಲಿಗೆ ಅಂಟಿಸಿದ್ದ ನಿಯಮದ ಹಾಳೆ ಕಿತ್ತು ತಂದು ಕಿಂಡಿಗೆ ಹಿಡಿದೆ. ಶೆಡ್ಡಿನೊಳಗಿನ ಪ್ರತಿಯೊಂದು ಹಕ್ಕಿಗೂ ಬಳೆ ಹಾಕತಕ್ಕದ್ದು, ರಕ್ತ ತೆಗೆಯತಕ್ಕದ್ದು. ಕೆಳಗೆ ಅವರದೇ ಸಹಿ.

ಕೋಳಿಗಳಲ್ಲಿ ಆ ಜೀನ್ ಇರುವುದೇ ಇಲ್ಲವೆಂದು ಅವರು ಆಮೇಲೆ ಹೇಳಿದರು, ಬಹಳ ಮೆಲ್ಲಗೆ. ಅಂದರೆ ಅವರ ಪರೀಕ್ಷೆಯೂ ಸರಿ, ನನ್ನ ಕೊಳವೆಯೂ ಸರಿ. ಚಿಕ್ಕಪ್ಪ ಬಂದವನೇ, ನಮ್ಮ ಹುಡುಗ ನಿಯಮ ಅಂದ್ರೆ ನಿಯಮ ಎಂದು ಬೆನ್ನು ತಟ್ಟಿದ. ಅವನ ಕೈ ಸರಿಸಿದೆ.

ಮೇಡಮ್ ಚೀಟಿ ವಾಪಸು ತೆಗೆದುಕೊಂಡರು. ಮರುದಿನ ಕಿಂಡಿಯಿಂದ ಹೊಸ ಫಾರಂ ಬಂತು. ನಂಬರಿನ ಪಕ್ಕದಲ್ಲಿ ಹೊಸ ಕಾಲಂ: ಯಾವ ಹಕ್ಕಿ. ಎಪ್ಪತ್ತೊಂಬತ್ತು ಸಲ ಬಾತು ಎಂದು ಬರೆದು ಬೆರಳು ಸೋತವು. ನಲವತ್ತೊಂದರ ಮುಂದೆ ಮಾತ್ರ, ಏಳನೇ ಕ್ಲಾಸಿನ ದಪ್ಪ ಅಕ್ಷರದಲ್ಲಿ, ಕೋಳಿ ಎಂದು ಬರೆದು ಎರಡು ಗೆರೆ ಎಳೆದೆ.