ಹೊಸ್ತಿಲು ದಾಟುವವರೆಗೆ

ನರ್ಸಿಂಗ್ ಪಾಸಾಗಿ ಕೆಲಸಕ್ಕೆ ಸೇರಿದ ಮೊದಲ ವಾರವೇ ನನ್ನನ್ನು ಆಂಬುಲೆನ್ಸ್ ಹತ್ತಿಸಿದರು. ರೋಗಿಯನ್ನು ಆಸ್ಪತ್ರೆಗೆ ತರುವುದಕ್ಕಲ್ಲ, ಸಾಯಲಿಕ್ಕೆ ಮನೆಗೆ ಮುಟ್ಟಿಸುವುದಕ್ಕೆ. ಎಂಥ ಶುಭಾರಂಭ ನೋಡಿ!

ರೋಗಿ ಓಬಳಪ್ಪ, ಬೆಳುಗುಪ್ಪದ ಆಚೆಯ ಹಳ್ಳಿಯ ಕುರಿಗಾರ. ರಸ್ತೆ ದಾಟುತ್ತಿದ್ದ ಕುರಿಗಳನ್ನು ಬಿಟ್ಟು ಓಡಲಾರದೆ ಲಾರಿಗೆ ಸಿಕ್ಕಿದ್ದ. ತಲೆಯೊಳಗೆ ರಕ್ತ ತುಂಬಿತ್ತು. ರಾಯದುರ್ಗದ ನಮ್ಮ ಸಣ್ಣ ಆಸ್ಪತ್ರೆಯಲ್ಲಿ ಮಾಡುವಂಥದ್ದೇನೂ ಉಳಿದಿರಲಿಲ್ಲ.

"ಉಸಿರು ಇರೋವಾಗ ಮನಿಗೆ ಒಯ್ತೀವ್ರಿ," ಎಂದು ಅವನ ಅಣ್ಣ ಜಂಬಯ್ಯ ಹಟ ಹಿಡಿದ. "ಹೊರಗ ಸತ್ತೋರ್ನ ನಮ್ಮಾಗ ಮನಿಯೊಳಗ ತರಂಗಿಲ್ರಿ. ಊರ ಹೊರಗಿಂದನ ಮಣ್ಣಿಗೆ."

ಓಬಳಪ್ಪನ ಹೆಂಡತಿ ಉಜ್ಜಿನಮ್ಮ ನನ್ನ ಕೈ ಹಿಡಿದಳು. "ಆ ಮನಿ ತಾನ ನಿಂತು ಕಟ್ಯಾನ್ರಿ. ಒಳಗ ಮಲಗಿಸಿ ಬಾಯಾಗ ನೀರು ಬಿಡಬೇಕ್ರಿ ಸಿಸ್ಟರ್. ಹೆಂಗಾರ ಮಾಡಿ ಮುಟ್ಟಿಸ್ರಿ."

ಸೀನಿಯರ್ ದುರ್ಗಕ್ಕ ನನ್ನನ್ನು ಪಕ್ಕಕ್ಕೆ ಕರೆದಳು. "ದಾರಿಯುದ್ದಕ್ಕೂ ಬ್ಯಾಗ್ ಒತ್ತಬೇಕ್ ನೋಡು ರೇವತಿ. ಹೊಸ್ತಿಲ ದಾಟಿದ ಮ್ಯಾಲೆ ಕೈ ತಗಿ. ಅಳಬ್ಯಾಡ."

ನಾಲ್ಕು ವರ್ಷ ಓದಿದ್ದೇನೆ, ಯಾವ ಪುಸ್ತಕದಲ್ಲೂ ಈ ಪಾಠ ಇರಲಿಲ್ಲ. ದರಿದ್ರದ ಕೆಲಸ ಎಂದು ಬಾಯೊಳಗೇ ಬೈದುಕೊಂಡು ಹತ್ತಿದೆ.

ಬ್ಯಾಗ್ ಎಂದರೆ ರಬ್ಬರಿನದು. ಒತ್ತಿದರೆ ಗಂಟಲಿನ ಕೊಳವೆಯಿಂದ ಗಾಳಿ ಹೋಗಿ ಎದೆ ಏಳುತ್ತದೆ, ಬಿಟ್ಟರೆ ಇಳಿಯುತ್ತದೆ. ಒತ್ತುತ್ತ, ಬಿಡುತ್ತ ಕೂತೆ. ಬೆಳುಗುಪ್ಪ ಇನ್ನೂ ದೂರವಿರುವಾಗಲೇ ಕುತ್ತಿಗೆಯ ನಾಡಿ ಬೆರಳಿಗೆ ಸಿಗದಾಯಿತು. ಮತ್ತೆ ಹುಡುಕಿದೆ. ಟಾರ್ಚಿನ ಬೆಳಕು ಬಿಟ್ಟು ಕಣ್ಣು ನೋಡಿದೆ. ಎದೆಗೆ ಸ್ಟೆತಸ್ಕೋಪ್ ಇಟ್ಟೆ. ವ್ಯಾನಿನ ಗಡಗಡ ಬಿಟ್ಟು ಏನೂ ಕೇಳಿಸಲಿಲ್ಲ. ನಾಡಿ ನಿಂತರೆ ಎದೆ ಒತ್ತಿ ಹಿಂಸೆ ಕೊಡಬೇಡ ಎಂದು ಡಾಕ್ಟರ್ ಮೊದಲೇ ಹೇಳಿದ್ದರು.

ಮುಂದಿನ ಸೀಟಿನಿಂದ ಜಂಬಯ್ಯ ತಿರುಗಿದ. "ಜೀವ ಐತೇನ್ರಿ?"

ಉಜ್ಜಿನಮ್ಮ ಗಂಡನ ಅಂಗೈ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು.

"ಐತೆ," ಎಂದೆ. ನರ್ಸಾಗಿ ನಾನು ಹೇಳಿದ ಮೊದಲ ಸುಳ್ಳು ಅದು.

ಊರಿನವರು ಸ್ಟ್ರೆಚರ್ ಇಳಿಸಿದರು. ಬ್ಯಾಗ್ ಒತ್ತುತ್ತಲೇ ಪಕ್ಕದಲ್ಲಿ ಅಡ್ಡಡ್ಡ ನಡೆದೆ. ಹೊಸ್ತಿಲು ದಾಟಿಸಿ ಚಾಪೆಯ ಮೇಲೆ ಮಲಗಿಸಿದರು. ಜಂಬಯ್ಯ ಕೈಮುಗಿದ. ಉಜ್ಜಿನಮ್ಮ ಚಮಚದಲ್ಲಿ ನೀರು ಬಿಟ್ಟಳು. ಅದು ಕೆನ್ನೆಯ ಮೇಲೆ ಹರಿದು ಚಾಪೆಗೆ ಇಳಿಯಿತು. ಅಬ್ಬಾ, ಮುಗಿಯಿತಲ್ಲ ಎಂದು ಕೈ ತೆಗೆಯಲು ಹೋದೆ.

ಅವಳು ನನ್ನ ಕಿವಿಗೆ ಬಾಗಿದಳು. "ಗೊತ್ತೈತ್ರಿ ನನಗ. ದಾರ್ಯಾಗ ಕೈ ತಣ್ಣಗಾತು. ಇನ್ನೊಂದೀಟು ಒತ್ರಿ ಯವ್ವಾ. ಮಗಳು ಬರಾಕತ್ಯಾಳ. ಅಪ್ಪ ಇದ್ದಾಗ ಬಂದೆ ಅನ್ನಂಗ ಆಗ್ಲಿ."

ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಅಂತ ಕೇಳಿದರೆ ನನಗೆ ಗೊತ್ತಿಲ್ಲ. ಬೈಯಲಿಕ್ಕೆ ಬಾಯಿ ತೆರೆದವಳು ಅವಳ ಕಣ್ಣು ನೋಡಿ ಮತ್ತೆ ಬ್ಯಾಗ್ ಹಿಡಿದೆ. ಹೆಣಕ್ಕೆ ಗಾಳಿ ತುಂಬುತ್ತ ಕೂತೆ. ಬೆರಳು ಮರಗಟ್ಟಿದವು. ಕೈ ಬದಲಾಯಿಸಿದೆ, ಮತ್ತೆ ಒತ್ತಿದೆ.

ಮಗಳು ಮಂಜುಳ ಗಂಡನ ಬೈಕಿನಿಂದ ಜಿಗಿದು ಒಳಗೆ ಓಡಿಬಂದಳು. ನನ್ನ ವಯಸ್ಸಿನವಳೇ. ಅಪ್ಪನ ಮುಖ ನೋಡಲಿಲ್ಲ, ಮೊದಲು ಎದೆ ನೋಡಿದಳು. ಅದು ಏಳುತ್ತಿತ್ತು, ಇಳಿಯುತ್ತಿತ್ತು.

"ಯವ್ವಾ! ಅಪ್ಪ ಉಸಿರಾಡಾಕತ್ಯಾನ ನೋಡಬೇ! ಇಷ್ಟು ಚಲೋ ಉಸಿರಾಡಾಕತ್ಯಾನ, ಯಾಕ ಮನಿಗೆ ತಂದ್ರಿ?" ನನ್ನ ಪಾದ ಹಿಡಿದಳು. "ಅಕ್ಕಾ, ಬಿಡಬ್ಯಾಡ್ರಿ. ಬಳ್ಳಾರಿಗೆ ಒಯ್ಯಾಮ್ರಿ!"

ಉಜ್ಜಿನಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ತಿರುಗಿದಳು. ಮನೆಯವರೆಲ್ಲ ನನ್ನ ಕೈಗಳನ್ನೇ ನೋಡುತ್ತಿದ್ದರು. ಎಷ್ಟು ಹೊತ್ತು ಒತ್ತಿಯೇನು? ಕೈ ತೆಗೆದೆ.

ಎದೆ ಇಳಿಯಿತು. ಮತ್ತೆ ಏಳಲಿಲ್ಲ.

"ಸಾಯಿಸಿದ್ಲು! ಈ ಸಿಸ್ಟರ್ ನಮ್ಮಪ್ಪನ್ನ ಸಾಯಿಸಿದ್ಲು!" ಮಂಜುಳ ನನ್ನ ಕೋಟು ಹಿಡಿದು ಜಗ್ಗಿದಳು, ಗುಂಡಿ ಕಿತ್ತುಬಂತು.

ನಿಮ್ಮಪ್ಪ ದಾರಿಯಲ್ಲೇ ಹೋದ ಎಂಬ ಮಾತು ನಾಲಗೆಯ ತುದಿಗೆ ಬಂತು. ಜಂಬಯ್ಯ ಬಾಗಿಲಲ್ಲೇ ನಿಂತಿದ್ದ. ಉಜ್ಜಿನಮ್ಮ ತಿರುಗಿ ನನ್ನನ್ನು ನೋಡಿದಳು. ಕಣ್ಣಲ್ಲೇ ಬೇಡಿಕೊಂಡಳು.

"ಹೂಂ," ಎಂದೆ. "ಈಗ ಹೋದ್ರು."