ಆಟ ಗೆದ್ದ ಮಧ್ಯಾಹ್ನ

ಲಾಂಡ್ರಿ ಅಂಗಡಿ ಭಾವನದು. ಅಕ್ಕನ ಮದುವೆಯಾದ ಮೇಲೆ, ಓದು ತಲೆಗೆ ಹತ್ತದ ಅವಳ ತಮ್ಮನನ್ನೂ ಭಾವ ಜೊತೆಗೆ ಸೇರಿಸಿಕೊಂಡು ಇಸ್ತ್ರಿ ಹಿಡಿಯುವುದನ್ನು ಕಲಿಸಿದ್ದರು. ಮೂವತ್ತು ದಾಟಿದರೂ ಗಿರಾಕಿಗಳಿಗೆಲ್ಲ ಅವನು ಇನ್ನೂ ತಮ್ಮನೇ. ಒಗೆದ ಬಟ್ಟೆಯನ್ನು ಹೊರಗೆ ಹಾಕಬೇಕೋ ಒಳಗೋ ಎಂಬುದನ್ನೂ ಭಾವನೇ ಆಕಾಶ ನೋಡಿ ಹೇಳುತ್ತಿದ್ದರು.

ಫೋನಿನೊಳಗಿನ ಯುದ್ಧದಾಟದಲ್ಲಿ ಮಾತ್ರ ಅವನು ಸೇನಾಪತಿ. ಅವನ ಕೈಕೆಳಗೆ ಒಬ್ಬ ನರ್ಸು, ಒಬ್ಬ ಲಾರಿ ಡ್ರೈವರು, ಕಾಲೇಜಿಗೆ ಹೋಗುವ ಒಬ್ಬ ಹುಡುಗಿ. ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಆದರೂ ಕಿವಿಯೊಳಗೆ ನರ್ಸು "ಸೇನಾಪತಿ, ಎಡಕ್ಕಾ ಬಲಕ್ಕಾ? ಬೇಗ ಹೇಳಿ!" ಎಂದು ಕೂಗಿದಾಗ ಅವನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು. ಗುಂಡು ತಗುಲಿ ಬಿದ್ದ ಲಾರಿಯವನನ್ನು ಅವನು ಪ್ರಾಣದ ಹಂಗು ತೊರೆದು ಎತ್ತಿಕೊಂಡು ಬರುತ್ತಿದ್ದ. "ನೀವಿದ್ರೆ ಒಂದು ಧೈರ್ಯ ಕಣ್ರೀ," ಎನ್ನುತ್ತಿದ್ದ ಲಾರಿಯವನು. ಇಸ್ತ್ರಿ ಮೇಜಿನ ಮುಂದೆ ಅಂಥ ಮಾತನ್ನು ಅವನಿಗೆ ಯಾರೂ ಆಡಿರಲಿಲ್ಲ.

ಭಾವ ಗೊಣಗುತ್ತಿದ್ದರು, ಅಷ್ಟೇ. "ಏನೋ ಅದು, ಕಿವಿಗೆ ಬಿರಡೆ ಹಾಕ್ಕೊಂಡು ಕೂತಿರ್ತೀಯ? ನಾಳೆ ನಿನ್ನ ಕಟ್ಕೊಂಡವಳು ಕೈಸನ್ನೇಲೇ ಸಂಸಾರ ಮಾಡ್ಬೇಕು."

ಆ ಮಧ್ಯಾಹ್ನ ಪಿಟೀಲು ವಾದಕರೊಬ್ಬರ ಕಪ್ಪು ಕೋಟು ಮೇಜಿನ ಮೇಲಿತ್ತು. ಅವರ ತಂದೆ ತೊಟ್ಟದ್ದು. ವೇದಿಕೆ ಹತ್ತುವಾಗ ಅವರಿಗೆ ಅದೇ ಆಗಬೇಕು. ಭಾವ ಕಾಲರು, ತೋಳು ಮುಗಿಸಿ, ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಅಂಗಡಿಯ ಮುಂಬಾಗಿಲಿನಿಂದ ಯಾರೋ ಕರೆದರೆಂದು ಹೋದರು. ತಮ್ಮನ ತಂಡ ಆಗ ಕೊನೆಯ ಸುತ್ತಿನಲ್ಲಿತ್ತು. ಮೇಜಿನ ತುದಿಯಲ್ಲಿ ಅವನಿಗೆ ಮೊಣಕೈ ಊರಲು ಜಾಗ ಸಾಲಲಿಲ್ಲ. ಪರದೆಯಿಂದ ಕಣ್ಣು ಕೀಳದೆಯೇ ಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕೆ ಮಲಗಿಸಿದ. ಮಲಗಿಸಿದ್ದು ಕೋಟಿನ ಬೆನ್ನ ಮೇಲೆ.

ಸುಟ್ಟ ವಾಸನೆ ಅವನಿಗಿಂತ ಮೊದಲು ಭಾವನ ಮೂಗಿಗೆ ಬಡಿಯಿತು. ಓಡಿ ಬಂದು ಪೆಟ್ಟಿಗೆ ಎತ್ತಿದರು.

"ಅಯ್ಯೋ! ನಾನೇ ಮಲಗಿಸಿ ಹೋದ್ನಾ?"

ತಮ್ಮ ಬಾಯಿ ತೆರೆದ. ಅದೇ ಹೊತ್ತಿಗೆ ಕಿವಿಯೊಳಗೆ ಮೂವರೂ ಗೆದ್ದೆವೆಂದು ಕಿರುಚಿದರು. ಬಾಯಿ ಮುಚ್ಚಿತು. ಆ ಗಳಿಗೆ ದಾಟಿದ ಮೇಲೆ ಹೇಳುವುದು ಇನ್ನಷ್ಟು ಕಷ್ಟವಾಯಿತು. ಸಂಜೆಯ ಹೊತ್ತಿಗೆ ಆಗದ ಮಾತೇ ಆಯಿತು.

ಭಾವ ತಾವೇ ಪಿಟೀಲು ವಾದಕರ ಮನೆಗೆ ಹೋಗಿ ಕ್ಷಮೆ ಕೇಳಿ ಬಂದರು. ಆದರೆ ಅವರನ್ನು ಬೇರೆಯೇ ಒಂದು ಭಯ ಹಿಡಿದಿತ್ತು. ಭಾವನ ತಾಯಿ ಕೊನೆಗಾಲದಲ್ಲಿ ಹೆತ್ತ ಮಗನನ್ನೇ "ಯಾರಪ್ಪ ನೀನು?" ಎಂದು ಕೇಳಿದ್ದರು. ಈಗ ಭಾವ ಮಾತ್ರೆ ನುಂಗಿದ ಮರುಕ್ಷಣವೇ ನುಂಗಿದೆನೋ ಇಲ್ಲವೋ ಎಂದು ಅಕ್ಕನನ್ನು ಕೇಳತೊಡಗಿದರು. ಚಿಲ್ಲರೆ ಕೊಟ್ಟು ಕಳಿಸಿದ ಗಿರಾಕಿಯನ್ನು, ಕೊಟ್ಟೆನೋ ಇಲ್ಲವೋ ಎಂದು ಬೀದಿಯಿಂದ ವಾಪಸ್ ಕರೆದರು. ಇಸ್ತ್ರಿಯನ್ನಂತೂ ಮುಟ್ಟಲಿಲ್ಲ. "ನೀನೇ ಮಾಡಪ್ಪ. ನನ್ನ ಕೈ ಈಗ ನಂಬೋ ಹಾಗಿಲ್ಲ."

"ನಿಮ್ಮ ಭಾವ ಕುಗ್ಗಿಹೋಗಿದ್ದಾರೆ ಕಣೋ," ಎಂದಳು ಅಕ್ಕ ಊಟಕ್ಕೆ ಬಡಿಸುತ್ತ. "ನೀನು ಜೊತೆಗಿದ್ದೀಯಲ್ಲ, ಅದೊಂದೇ ಸಮಾಧಾನ."

ಅವನು ತಲೆ ತಗ್ಗಿಸಿ ತಟ್ಟೆಯ ಅನ್ನವನ್ನೇ ಕಲಸಿದ. ಆದರೂ ಆಟ ಬಿಡಲಾಗಲಿಲ್ಲ. ಭಾವ ಬೆನ್ನು ತಿರುಗಿಸಿದ ಕೂಡಲೇ ಕೈ ಫೋನಿಗೇ ಹೋಗುತ್ತಿತ್ತು. ಅವನನ್ನು ಧೈರ್ಯವಂತ ಎನ್ನುವವರು ಅಲ್ಲಿ ಇನ್ನೂ ಇದ್ದರು. ಅದಕ್ಕೇ ತನ್ನ ಮೇಲೆ ತನಗೇ ಅಸಹ್ಯವಾಗುತ್ತಿತ್ತು.

ಕೊನೆಗೆ ಅಕ್ಕ ಹಟ ಹಿಡಿದು ಭಾವನನ್ನು ಡಾಕ್ಟರ ಬಳಿ ಕಳಿಸಿದಳು, ಜೊತೆಗೆ ತಮ್ಮನನ್ನು. ನೆನಪು ಪರೀಕ್ಷಿಸಲೆಂದು ಡಾಕ್ಟರು ಹಾಳೆ ಕೊಟ್ಟು ಒಂದು ಗಡಿಯಾರ ಬರೆಯಿರಿ ಎಂದರು. ಬಟ್ಟೆಯ ಮೇಲೆ ಸುಕ್ಕು ಉಳಿಸದ ಕೈ ಎಳೆದ ಗೆರೆ ಸೊಟ್ಟಗಾಯಿತು. ಪರೀಕ್ಷೆಗೆ ಕೂತವರಂತೆ ಭಾವ ಡಾಕ್ಟರ ಮುಖವನ್ನೇ ನೋಡಿದರು.

"ಈ ಮರೆವು ಮೊದಲು ಯಾವಾಗ ಶುರುವಾಯ್ತು?"

"ಇಸ್ತ್ರಿ ಪೆಟ್ಟಿಗೆ ಮಲಗಿಸಿ ಮರೆತುಬಿಟ್ಟೆ, ಡಾಕ್ಟ್ರೇ."

"ಇಲ್ಲ." ತಮ್ಮನ ದನಿ ಒಡೆಯಿತು. "ಅವರು ನಿಲ್ಲಿಸಿಯೇ ಹೋಗಿದ್ರು. ನಾನು ಆಟ ಆಡ್ತಾ, ನೋಡದೆ ಎತ್ತಿ ಕೋಟಿನ ಮೇಲಿಟ್ಟೆ."

ಡಾಕ್ಟರು ಪೆನ್ನು ಕೆಳಗಿಟ್ಟರು. ಭಾವ ತಾವು ಬರೆದ ಗಡಿಯಾರವನ್ನು ಪಕ್ಕಕ್ಕೆ ಸರಿಸಿದರು.

"ಗೆದ್ರಾ?" ಎಂದರು.

ಅವನಿಗೆ ಅರ್ಥವಾಗಲಿಲ್ಲ.

"ಅವತ್ತಿನ ಆಟ. ಗೆದ್ರಾ?"

"ಗೆದ್ವಿ, ಭಾವ."

ಭಾವ ತಲೆಯಾಡಿಸಿದರು. "ನಮ್ಮಮ್ಮನ ಹಾಗೇ ಆಗಿಬಿಟ್ಟೆ ಅಂತ ನಾನು ದಿನಾ ಸಾಯ್ತಿದ್ದೆ ಕಣೋ. ನೀನು ಎದುರಿಗೇ ಕೂತು ನೋಡ್ತಿದ್ದೆಯಲ್ಲ."

ನೆನಪಿಗೇನೂ ಆಗಿಲ್ಲ, ಭಯವೇ ಹೀಗೆಲ್ಲ ಮಾಡಿಸುತ್ತಿದೆ ಎಂದು ಡಾಕ್ಟರು ಹೇಳಿ ಕಳಿಸಿದರು. ವಿಷಯ ತಿಳಿದ ಅಕ್ಕ ಬೈಯಲಿಲ್ಲ. ಅವನ ತಟ್ಟೆಗೆ ಬಡಿಸಿ ಒಳಗೆ ಹೋದಳು, ಎದುರು ಕೂರಲಿಲ್ಲ. ಅವನು ಪಿಟೀಲು ವಾದಕರ ಮನೆಗೂ ಹೋಗಿ ತಪ್ಪೊಪ್ಪಿಕೊಂಡ. "ಕೋಟು ಹೋಯ್ತು, ಹೋಗ್ಲಿ. ಆ ಹಿರಿಯರು ನನ್ನ ಬಾಗಿಲಲ್ಲಿ ನಿಂತು ಕಣ್ಣೀರು ಹಾಕಿದ್ರಲ್ಲ, ಅದನ್ನ ಏನು ಮಾಡ್ತೀರಿ?" ಎಂದು ಅವರು ಕೇಳಿದರು. ಅಂದೇ ಅವನು ಆಟವನ್ನು ಫೋನಿನಿಂದ ಅಳಿಸಿದ. ತಂಡದವರಿಗೆ ಒಂದು ಮಾತೂ ಹೇಳಲಿಲ್ಲ. ಎಲ್ಲಿಗೆ ಹೋದಿರೆಂದು ನರ್ಸು ಕಳಿಸಿದ ಸಂದೇಶಕ್ಕೂ ಉತ್ತರ ಕೊಡಲಿಲ್ಲ. ಅದೂ ಒಂದು ತಪ್ಪೇ ಎಂದು ಆಮೇಲೆ ಅನ್ನಿಸಿತು.

ಮುಂದಿನ ವಾರ ಭಾವ ಮತ್ತೆ ಇಸ್ತ್ರಿ ಹಿಡಿದರು. ಕೈಯ ಹಿಡಿತ ಮೊದಲಿನದೇ. ಸಂಜೆ ಅಂಗಡಿ ಮುಚ್ಚಿ ಇಬ್ಬರೂ ಬೀದಿಗಿಳಿದಾಗ ಅವರು ಗಕ್ಕನೆ ನಿಂತರು.

"ಇಸ್ತ್ರಿ ಸ್ವಿಚ್ಚು ಆರಿಸಿದ್ದೀರಿ, ಭಾವ. ನಾನು ನೋಡ್ದೆ," ಎಂದ ಅವನು.

ಭಾವ ಒಂದು ಕ್ಷಣ ಅವನ ಮುಖ ನೋಡಿದರು. ಆಮೇಲೆ ಬೀಗದ ಕೈ ತೆಗೆದು, ತಾವೇ ನೋಡಿಬರಲು ಒಳಗೆ ಹೋದರು.